ಅಲಾಸ್ಕಾ ಕ್ರೂಸ್ ಮತ್ತು ಕ್ಯಾಮೆರಾ: ಕೆಲವು ತಪ್ಪು ಕಲ್ಪನೆಗಳು, ವಾಸ್ತವ

ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋಗುವ ಕನ್ನಡಿಗ ಅಪ್ಪ ಅಮ್ಮಂದಿರಲ್ಲಿ ಅನೇಕರು ಸಿಯಾಟಲ್‌ನಲ್ಲೋ ವ್ಯಾಂಕೂವರ್‌ನಲ್ಲೋ ಹಡಗು ಹತ್ತಿ ಅಲಾಸ್ಕಾ ನೋಡಿ ಬರುತ್ತಾರೆ. ಸುಮಾರು ಒಂದು ವಾರದ ಯಾನ. ಕೆಚಿಕನ್, ಜೂನೋ, ಸ್ಕ್ಯಾಗ್‌ವೇ ಊರುಗಳು, ಜೊತೆಗೆ ಕೆಲವು ಹಡಗುಗಳಲ್ಲಿ ಗ್ಲೇಸಿಯರ್ ಬೇ. ಫೋನಿನ ತುಂಬ ಫೋಟೋಗಳಿರುತ್ತವೆ. ಮನೆಗೆ ಬಂದು ತೆರೆದು ನೋಡಿದರೆ ಹಿಮ ಬೂದುಬಣ್ಣ, ಮುಖಗಳು ಕಪ್ಪು, ತಿಮಿಂಗಿಲ ಇದ್ದ ಜಾಗದಲ್ಲಿ ಬರೀ ನೀರು!

ನೆಲದ ಮೇಲಿನ ಅಭ್ಯಾಸಗಳನ್ನೇ ಹಡಗಿಗೂ ಒಯ್ಯುವುದು ಇದಕ್ಕೆ ಮುಖ್ಯ ಕಾರಣ. ನೆಲದ ಮೇಲಾದರೆ ಬೇಕಾದ ಜಾಗಕ್ಕೆ ನಡೆದು ಹೋಗಬಹುದು, ಬೆಳಕಿಗಾಗಿ ಕಾಯಬಹುದು. ಹಡಗಿನಲ್ಲಿ ದೃಶ್ಯವೇ ನಮ್ಮತ್ತ ಬರುತ್ತದೆ, ನಮಗಾಗಿ ನಿಲ್ಲದೆ ಹೋಗಿಬಿಡುತ್ತದೆ. ಏನು ಬರಲಿದೆ, ಯಾವಾಗ ಬರಲಿದೆ ಎಂಬುದು ಮೊದಲೇ ಗೊತ್ತಿದ್ದವರಿಗೆ ಸಾಧಾರಣ ಫೋನಿನಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ.

ತಪ್ಪು ಕಲ್ಪನೆ 1: ಬಾಲ್ಕನಿ ಇರುವ ಕೋಣೆ ಸಿಕ್ಕರೆ ಸಾಕು, ಎಲ್ಲವೂ ಅಲ್ಲಿಂದಲೇ ಕಾಣುತ್ತದೆ.

ವಾಸ್ತವ: ಬಾಲ್ಕನಿಯಿಂದ ಕಾಣುವುದು ಹಡಗಿನ ಒಂದೇ ಪಕ್ಕ. ಹಡಗು ಸಾಗುತ್ತಿರುವಾಗ ಮುಂಭಾಗದ ತೆರೆದ ಡೆಕ್ ಮೇಲಿದ್ದರೆ ಎರಡೂ ದಡ ಕಾಣುತ್ತವೆ, ಎದುರಿಗೆ ಬರುವುದೂ ಮೊದಲೇ ಗೊತ್ತಾಗುತ್ತದೆ. ಇನ್ನು ‘ನಮ್ಮ ಕೋಣೆ ತಪ್ಪು ಪಕ್ಕದಲ್ಲಿದೆ’ ಎಂದು ಕೊರಗುವವರಿಗೆ ಸಮಾಧಾನದ ಮಾತೂ ಇದೆ. ಹಿಮನದಿಯ ಎದುರು ಸಾಮಾನ್ಯವಾಗಿ ಹಡಗನ್ನು ನಿಧಾನವಾಗಿ ತಿರುಗಿಸುತ್ತಾರೆ. ಎರಡೂ ಪಕ್ಕದವರಿಗೆ ಸರದಿ ಬರುತ್ತದೆ. ಗ್ಲೇಸಿಯರ್ ಬೇಯೊಳಗೆ ಹೋಗುವ ಹಡಗನ್ನು ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹತ್ತಿ, ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಾರೆ. ಅದಕ್ಕೆ ಕಿವಿಗೊಟ್ಟರೆ ಅರ್ಧ ಕೆಲಸ ಮುಗಿದಂತೆ.

ತಪ್ಪು ಕಲ್ಪನೆ 2: ಮೋಡ ಕವಿದರೆ ಆ ದಿನದ ಫೋಟೋ ಹಾಳು.

ವಾಸ್ತವ: ಆಗ್ನೇಯ ಅಲಾಸ್ಕಾ ಮಳೆಕಾಡಿನ ಸೀಮೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬಿಸಿಲಿಗಾಗಿ ಕಾದು ಕುಳಿತರೆ ಯಾನವೇ ಮುಗಿದುಹೋದೀತು. ಅದಕ್ಕಿಂತ ಮುಖ್ಯವಾಗಿ, ಹಿಮನದಿಯ ನೀಲಿ ಚೆನ್ನಾಗಿ ಕಾಣುವುದೇ ಮೋಡದ ದಿನ. ಶತಮಾನಗಳ ಒತ್ತಡಕ್ಕೆ ಸಿಕ್ಕ ಹಿಮದೊಳಗಿನ ಗಾಳಿಗುಳ್ಳೆಗಳು ಹಿಂಡಿಹೋಗಿ, ಅದು ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು ನೀಲಿಯನ್ನು ಹೊರಗೆ ಬಿಡುತ್ತದೆ. ಕಡು ಬಿಸಿಲಿನಲ್ಲಿ ಮೇಲ್ಮೈಯ ಬಿಳುಪು ಕಣ್ಣು ಕುಕ್ಕುವುದರಿಂದ ಈ ನೀಲಿ ಮಂಕಾಗುತ್ತದೆ.

ಒಂದು ಎಚ್ಚರಿಕೆ: ಫ್ರೇಮಿನ ತುಂಬ ಬಿಳುಪಿದ್ದರೆ ಬೆಳಕು ಹೆಚ್ಚಾಯಿತೆಂದು ತಿಳಿದು ಕ್ಯಾಮೆರಾ ಅದನ್ನು ತಗ್ಗಿಸುತ್ತದೆ. ಹಿಮ ಬೂದುಬಣ್ಣಕ್ಕೆ ತಿರುಗುವುದು ಅದಕ್ಕೇ. ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಸ್ಟಾಪ್‌ನಷ್ಟು ಏರಿಸಿ. ಫೋನಿನಲ್ಲಾದರೆ ಪರದೆ ಮುಟ್ಟಿದಾಗ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಸರಿಸಿ. ಹಿಮದ ಮುಂದೆ ಅಪ್ಪ ಅಮ್ಮನನ್ನು ನಿಲ್ಲಿಸಿದಾಗ ಫೋಕಸ್ ಅವರ ಮುಖದ ಮೇಲಿರಲಿ.

ತಪ್ಪು ಕಲ್ಪನೆ 3: ಫೋಟೋದಲ್ಲಿ ಬೇರೆ ಯಾರೂ, ಬೇರೇನೂ ಇರಬಾರದು.

ವಾಸ್ತವ: ಗ್ಲೇಸಿಯರ್ ಬೇಯ ಮಾರ್ಜರಿ ಹಿಮನದಿ ಕಡಲಿಗೆ ಬಂದು ಸೇರುವಲ್ಲಿ ಅದರ ಗೋಡೆ ಸುಮಾರು ಒಂದೂವರೆ ಕಿಲೋಮೀಟರ್ ಅಗಲ, ನೀರಿನಿಂದ ಮೇಲಕ್ಕೆ ಸುಮಾರು 75 ಮೀಟರ್ ಎತ್ತರ. ಶ್ರವಣಬೆಳಗೊಳದ ಗೊಮ್ಮಟನನ್ನು ಒಂದರ ಮೇಲೊಂದರಂತೆ ನಾಲ್ಕು ಸಲ ನಿಲ್ಲಿಸಿದರೂ ಅದರ ತುದಿ ಮುಟ್ಟುವುದಿಲ್ಲ. ಹಿಮವೊಂದನ್ನೇ ತೆಗೆದ ಚಿತ್ರದಲ್ಲಿ ಈ ಎತ್ತರ ಯಾರಿಗೂ ತಿಳಿಯದು. ದೂರದ ಒಂದು ಸಣ್ಣ ದೋಣಿ, ತೇಲುವ ಮಂಜುಗಡ್ಡೆಯ ಮೇಲಿನ ಸೀಲ್, ಕಟಕಟೆಗೆ ಆತು ನಿಂತ ಒಬ್ಬ ಸಹಪ್ರಯಾಣಿಕ ಇದ್ದರೆ ಗಾತ್ರ ತಾನೇ ಗೊತ್ತಾಗುತ್ತದೆ.

ತಪ್ಪು ಕಲ್ಪನೆ 4: ಹಿಮ ಕಳಚಿ ಬೀಳುವ ಸದ್ದು ಕೇಳಿದ ಕೂಡಲೇ ಕ್ಲಿಕ್ಕಿಸಿದರೆ ಸಿಗುತ್ತದೆ.

ವಾಸ್ತವ: ಸಿಗುವುದಿಲ್ಲ, ಏಕೆಂದರೆ ಸದ್ದು ತಡವಾಗಿ ಬರುತ್ತದೆ. ಹಡಗು ಗೋಡೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿದ್ದರೆ ಸದ್ದು ನಮ್ಮನ್ನು ಮುಟ್ಟಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಬಂಡೆಗಾತ್ರದ ಹಿಮ ಆಗಲೇ ಬೀಳತೊಡಗಿರುತ್ತದೆ. ಎಲ್ಲಿ ಚೂರುಗಳು ಪುಡಿಪುಡಿಯಾಗಿ ಉದುರುತ್ತಿವೆಯೋ ಆ ಕಡೆ ಕ್ಯಾಮೆರಾ ಹಿಡಿದು, ಒಂದೇ ಸಮನೆ ಚಿತ್ರ ತೆಗೆಯುವ ಬರ್ಸ್ಟ್ ಮೋಡ್ ಹಾಕಿಕೊಂಡು ಕಾಯಿರಿ. ದೊಡ್ಡ ಕುಸಿತಕ್ಕೆ ಮುಂಚೆ ಅನೇಕ ಸಲ ಹೀಗೆ ಚೂರು ಉದುರುವುದುಂಟು. ಬಿದ್ದ ಮೇಲೂ ಬೆರಳು ತೆಗೆಯಬೇಡಿ. ಮೇಲೆ ಚಿಮ್ಮುವ ನೀರು, ಸುತ್ತ ಹರಡುವ ಅಲೆ ಇನ್ನೂ ಹಲವು ಸೆಕೆಂಡ್ ಇರುತ್ತವೆ.

ತಪ್ಪು ಕಲ್ಪನೆ 5: ರಾತ್ರಿ ಊಟದ ಹೊತ್ತಿಗೆ ದಿನದ ಬೆಳಕು ಮುಗಿದಿರುತ್ತದೆ.

ವಾಸ್ತವ: ಜೂನ್ ತಿಂಗಳ ನಡುವೆ ಜೂನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ; ಹುಟ್ಟುವುದು ಬೆಳಗಿನ ನಾಲ್ಕಕ್ಕೂ ಮುಂಚೆ. ಬೆಟ್ಟಗಳ ಮೇಲೆ ಓರೆಯಾಗಿ ಬೀಳುವ ಹೊಂಬೆಳಕು ಬರುವುದೇ ಎಲ್ಲರೂ ಊಟದ ಹಾಲ್‌ನಲ್ಲೋ ನಾಟಕ ನೋಡುತ್ತಲೋ ಕುಳಿತಿರುವಾಗ. ಬೇಗ ಊಟ ಮುಗಿಸಿ, ಸ್ವೆಟರ್ ಹಾಕಿಕೊಂಡು ಡೆಕ್‌ಗೆ ಬನ್ನಿ. ಜಾಗವೂ ಧಾರಾಳವಾಗಿರುತ್ತದೆ.

ತಪ್ಪು ಕಲ್ಪನೆ 6: ಬೆಳಕು ಕಡಿಮೆಯಾದರೆ ಟ್ರೈಪಾಡ್ ಇದ್ದರೆ ಸಾಕು.

ವಾಸ್ತವ: ಟ್ರೈಪಾಡ್ ನಿಂತಿರುವ ಡೆಕ್ಕೇ ಎಂಜಿನ್ನಿನಿಂದ ನಡುಗುತ್ತಿರುತ್ತದೆ, ಹಡಗೂ ಓಲಾಡುತ್ತಿರುತ್ತದೆ. ಕಟಕಟೆಗೆ ಮೊಣಕೈ ಊರಿದರೂ ಅದೇ ನಡುಕ ಕೈಗೆ ಬರುತ್ತದೆ. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು ನಿಲ್ಲಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಅಥವಾ 3200ಕ್ಕೆ ಏರಿಸಿ, ಶಟರ್ ವೇಗ ಹೆಚ್ಚಿಸಿ. ಚಿತ್ರ ಸ್ವಲ್ಪ ಕಾಳುಕಾಳಾದರೂ ನೋಡಬಹುದು, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು.

ತಪ್ಪು ಕಲ್ಪನೆ 7: ತಿಮಿಂಗಿಲದ ಫೋಟೋ ಬರೀ ಅದೃಷ್ಟ.

ವಾಸ್ತವ: ಹಂಪ್‌ಬ್ಯಾಕ್ ತಿಮಿಂಗಿಲ ಮುನ್ಸೂಚನೆ ಕೊಡುತ್ತದೆ. ಮೊದಲು ಉಸಿರಿನ ಕಾರಂಜಿ, ಆಮೇಲೆ ನೀರಿನ ಮೇಲೆ ಜಾರುವ ಬೆನ್ನು, ಹೀಗೆ ಕೆಲವು ಸಲ. ಬೆನ್ನು ಎಂದಿಗಿಂತ ಎತ್ತರಕ್ಕೆ ಕಮಾನಿನಂತೆ ಬಾಗಿತೆಂದರೆ ಅದು ಆಳಕ್ಕೆ ಇಳಿಯಲಿದೆ, ಬಾಲ ಮೇಲೇಳಲಿದೆ ಎಂದರ್ಥ. ಶಟರ್ ವೇಗ ಸೆಕೆಂಡಿನ 1/1000 ಇರಲಿ.

ಆ ಬಾಲದ ಅಡಿಭಾಗದ ಕಪ್ಪುಬಿಳುಪು ಗುರುತುಗಳು ಒಂದೊಂದು ತಿಮಿಂಗಿಲಕ್ಕೂ ಬೇರೆ ಬೇರೆ. ಪ್ರವಾಸಿಗರು ಕಳಿಸಿದ ಇಂಥ ಚಿತ್ರಗಳನ್ನು ಹೋಲಿಸಿ, ಯಾವುದು ಯಾವ ತಿಮಿಂಗಿಲ ಎಂದು ಗುರುತಿಸುವ ಕೆಲಸವನ್ನು ‘ಹ್ಯಾಪಿವೇಲ್’ ಎಂಬ ಯೋಜನೆ ಮಾಡುತ್ತಿದೆ. ಆಗ್ನೇಯ ಅಲಾಸ್ಕಾದಲ್ಲಿ ಬೇಸಿಗೆ ಕಳೆಯುವ ಹಂಪ್‌ಬ್ಯಾಕ್‌ಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಹವಾಯಿಗೆ ಹೋಗುತ್ತವೆ. ಜೂನೋ ಹತ್ತಿರ ನೀವು ತೆಗೆದ ಬಾಲವನ್ನೇ ಅಲ್ಲಿ ಇನ್ನೊಬ್ಬರು ತೆಗೆದಿದ್ದರೆ, ಎರಡೂ ಚಿತ್ರ ಸೇರಿ ಆ ಪ್ರಾಣಿಯ ಪಯಣದ ದಾಖಲೆಯಾಗುತ್ತದೆ. ಇದಕ್ಕೆ ದಿನಾಂಕ ಮತ್ತು ಜಾಗ ಸರಿಯಾಗಿರಬೇಕು. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನ ಮೊದಲ ದಿನವೇ ಕ್ಯಾಮೆರಾದ ವೇಳೆ ತಿದ್ದಿಕೊಳ್ಳಿ, ಫೋನಿನ ಲೊಕೇಶನ್ ಆನ್ ಮಾಡಿ. ಬಾಲದ ಚಿತ್ರ ಸ್ಪಷ್ಟವಾಗಿ ಬಂದಿದ್ದರೆ, ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸುವಾಗ ಹ್ಯಾಪಿವೇಲ್‌ಗೂ ಒಂದು ಕಳಿಸಿ.