ಹಸಿರಿದ್ದರೆ ಸಾಲದು, ಇರುವೆಯನ್ನೂ ಕೇಳಿ

ಕನಿಷ್ಠ ಒಂದು ಹೆಕ್ಟೇರ್ ಜಾಗದಲ್ಲಿ ಶೇ 10ರಷ್ಟು ನೆಲದ ಮೇಲೆ ಮರಗಳ ಚಪ್ಪರವಿದ್ದರೆ ಭಾರತೀಯ ಅರಣ್ಯ ಸರ್ವೇಕ್ಷಣೆ ಅದನ್ನು ‘ಅರಣ್ಯ ಹೊದಿಕೆ’ ಎಂದೇ ಲೆಕ್ಕ ಹಿಡಿಯುತ್ತದೆ. ಮರ ಯಾವ ಜಾತಿಯದು ಎಂದು ಕೇಳುವುದಿಲ್ಲ. ಹೀಗಾಗಿ ಉಪಗ್ರಹದ ಕಣ್ಣಿಗೆ ಮಲೆನಾಡಿನ ಕಾನೂ ಹಸಿರು, ಪಕ್ಕದ ಅಕೇಶಿಯಾ ನೆಡುತೋಪೂ ಹಸಿರು. ಇವೆರಡರ ವ್ಯತ್ಯಾಸ ತಿಳಿಯಬೇಕಾದರೆ ಬಗ್ಗಿ ತರಗೆಲೆ ಸರಿಸಿ ನೋಡಬೇಕು.

ಕಾಡಿಗೆ ಬಿದ್ದ ಪೆಟ್ಟನ್ನು ಅಲ್ಲಿನ ಇರುವೆಗಳು ಬೇಗ ತೋರಿಸಿಕೊಡುತ್ತವೆ. ಹಕ್ಕಿ ಬೇರೆಡೆ ಹಾರಿಹೋಗಿ ಮೇದು ಬಂದೀತು. ಗೂಡು ಮಾಡಿಕೊಂಡ ಇರುವೆಗೆ ಸುತ್ತಲಿನ ನೆಲವೇ ಗತಿ. ಮರ ಕಡಿದಾಗ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ತರಗೆಲೆಯ ತೇವ ಆರುತ್ತದೆ. ಆ ತೇವವನ್ನೇ ನಂಬಿದ ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಗಳು ಕಡಿಮೆಯಾಗುತ್ತವೆ. ಹೆಚ್ಚಾಗಿ ಅವನ್ನೇ ಬೇಟೆಯಾಡಿ ಬದುಕುವ, ಎರಡು–ಮೂರು ಮಿಲಿಮೀಟರ್ ಉದ್ದದ ಸ್ಟ್ರುಮಿಜೆನಿಸ್ ಇರುವೆಗಳಿಗೂ ಆಗ ಅಲ್ಲಿ ಬಾಳು ಕಷ್ಟ. ತೆರವಾದ ಜಾಗಕ್ಕೆ ಬಿಸಿಲು ತಾಳುವ, ಸಿಕ್ಕಿದ್ದನ್ನು ತಿನ್ನುವ ಇರುವೆಗಳು ನುಗ್ಗುತ್ತವೆ. ಒಟ್ಟು ಸಂಖ್ಯೆ ಇಳಿಯದೆಯೂ ಇರಬಹುದು. ಆದ್ದರಿಂದ ಎಷ್ಟಿವೆ ಎನ್ನುವುದಕ್ಕಿಂತ ಯಾವುವು ಹೋದವು, ಯಾವುವು ಬಂದವು ಎನ್ನುವುದು ಮುಖ್ಯ.

ಎಣಿಸುವ ವಿಧಾನ ಸರಳ. ನೆಲದ ಮೇಲೆ ಓಡಾಡುವ ಇರುವೆಗಳು ನೆಲಮಟ್ಟಕ್ಕೆ ಹೂತಿಟ್ಟ ಲೋಟಗಳಿಗೆ ಬೀಳುತ್ತವೆ. ತರಗೆಲೆಯನ್ನು ಜರಡಿ ಹಿಡಿದು ‘ವಿಂಕ್ಲರ್’ ಎಂಬ ಬಟ್ಟೆಚೀಲದಲ್ಲಿ ತೂಗುಹಾಕಿದರೆ, ಅದು ಒಣಗುತ್ತಿದ್ದಂತೆ ಒಳಗೆ ಅಡಗಿದ್ದ ಇರುವೆಗಳು ಹೊರಬಂದು ಕೆಳಗಿನ ಮದ್ಯಸಾರದ ಪಾತ್ರೆಗೆ ಬೀಳುತ್ತವೆ. ಇದಕ್ಕೆ ವಿದ್ಯುತ್ತೂ ಬೇಡ. ಆದರೆ ಹತ್ತಿರದ ಹಾಳಾಗದ ಕಾಡಿನಲ್ಲೂ ಅದೇ ಋತುವಿನಲ್ಲಿ, ಅದೇ ಕ್ರಮದಲ್ಲಿ ಎಣಿಸಲೇಬೇಕು. ಇಲ್ಲದಿದ್ದರೆ ಮಳೆಗಾಲ, ಬೇಸಿಗೆಗಳ ಸಹಜ ಏರಿಳಿತವೇ ಹಾನಿಯಂತೆ ಕಂಡೀತು.

ಪಶ್ಚಿಮ ಆಸ್ಟ್ರೇಲಿಯದ ಜಾರಾ ಮರಗಳ ಕಾಡುಗಳಲ್ಲಿ ಬಾಕ್ಸೈಟ್ ಅಗೆದ ಮೇಲೆ ಮತ್ತೆ ಗಿಡಮರ ಬೆಳೆಸಿದ ಜಾಗಗಳನ್ನು ವಿಜ್ಞಾನಿ ಜೊನಾಥನ್ ಮೇಜರ್ 1970ರ ದಶಕದಿಂದ ಇರುವೆಗಳ ಮೂಲಕ ಪರೀಕ್ಷಿಸುತ್ತ ಬಂದರು. ಬಗೆಬಗೆಯ ಗಿಡಗಳು ಬೆಳೆದು ನೆಲದ ಮೇಲೆ ತರಗೆಲೆ ಹೆಚ್ಚಿದಲ್ಲಿ ಇರುವೆಗಳ ಪ್ರಭೇದಗಳೂ ಹೆಚ್ಚಿದ್ದವು.

ನಮ್ಮಲ್ಲಿ, ಕಳೆದುಕೊಂಡ ಕಾಡಿಗೆ ಬದಲಾಗಿ ಸಸಿ ನೆಡುವ ಪರಿಹಾರಾತ್ಮಕ ಅರಣ್ಯೀಕರಣದ ಯಶಸ್ಸನ್ನು ಹೆಚ್ಚಾಗಿ ಬದುಕುಳಿದ ಸಸಿಗಳ ಲೆಕ್ಕದಲ್ಲಿ ಅಳೆಯುತ್ತೇವೆ. ತೇವದ ತರಗೆಲೆಯಲ್ಲಿ ಬೇಟೆಯಾಡುವ ಇರುವೆ ಅಲ್ಲಿಗೆ ಮರಳಿತೇ ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಸಸಿ ನೆಡಲು ಒಂದು ಮಳೆಗಾಲ ಸಾಕು. ಆ ಇರುವೆಗೆ ಬೇಕಾದ ನೆಲ ಸಿದ್ಧವಾಗಲು ಹಲವು ವರ್ಷಗಳೇ ಬೇಕು. ಹೊಸದನ್ನು ನೆಡುವ ಮೊದಲು ಇರುವ ಕಾನನ್ನು ಉಳಿಸಿಕೊಳ್ಳಬೇಕಾದದ್ದು ಇದಕ್ಕಾಗಿಯೇ.