ಪಾರ್ಟಿಷನ್ ಬದಲಿಸಿದ ಮೇಲೆ ಕಂಪ್ಯೂಟರ್ ಏಳುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಅವಸರ ಬೇಡ

ಜಹೀರಾಬಾದ್ : ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವುದು ಹೊಸ ಸಂಗತಿಯಲ್ಲ. ನುಡಿ, ಬರಹದಲ್ಲಿ ಟೈಪ್ ಮಾಡಲು ವಿಂಡೋಸ್ ಬೇಕು. ಖರ್ಚಿಲ್ಲ, ವೈರಸ್ ಕಾಟ ಕಡಿಮೆ ಎಂಬ ಕಾರಣಕ್ಕೆ ಲಿನಕ್ಸೂ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ, ಹಳೆಯ ಯಂತ್ರವನ್ನು ಎಸೆಯಲಾರದವರಿಗೆ ಲಿನಕ್ಸ್ ಇನ್ನೊಂದು ದಾರಿಯಾಗಿದೆ.

ತೊಂದರೆ ಶುರುವಾಗುವುದು ಜಾಗ ಸಾಲದೆ ಹಾರ್ಡ್ ಡಿಸ್ಕಿನ ಭಾಗಗಳನ್ನು ಹಿಗ್ಗಿಸಲು, ಕುಗ್ಗಿಸಲು ಅಥವಾ ಅಳಿಸಲು ಹೋದಾಗ. ಕೆಲಸ ಮುಗಿಸಿ ಮತ್ತೆ ಆನ್ ಮಾಡಿದರೆ ಕಪ್ಪು ತೆರೆ, ಅದರ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬ ಒಂದು ಸಾಲು. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ 'ಫಾರ್ಮ್ಯಾಟ್ ಮಾಡಬೇಕು' ಎಂಬುದು. ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರ್ ಏಳುತ್ತದೆ, ನಿಜ. ಆದರೆ ಹತ್ತು ವರ್ಷದ ಫೋಟೋಗಳು, ಜಮೀನಿನ ಕಾಗದದ ಸ್ಕ್ಯಾನ್, ಮಕ್ಕಳ ಪ್ರಾಜೆಕ್ಟ್, ತಾಂಡೂರಿನ ಕಲ್ಲಿನ ವ್ಯಾಪಾರಿಯ ಲೆಕ್ಕಪತ್ರ ಇವೆಲ್ಲ ಹೋಗುತ್ತವೆ. ಬಹಳಷ್ಟು ಸಂದರ್ಭಗಳಲ್ಲಿ ಈ ನಷ್ಟ ಅನಗತ್ಯ.

ಏನಾಗಿರುತ್ತದೆ?

ನಮ್ಮ ಭಾಗದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಜಹೀರಾಬಾದ್, ನಾರಾಯಣಖೇಡ್ ಒಂದು ಕಾಲಕ್ಕೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಲ್ಲಿ ತೆಲಂಗಾಣಕ್ಕೆ ಬಂದವು. 2016ರ ಅಕ್ಟೋಬರಿನಲ್ಲಿ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಹೋದವು. ಮನೆ, ಹೊಲ ಎಲ್ಲೂ ಕದಲಲಿಲ್ಲ, ಬದಲಾದದ್ದು ವಿಳಾಸ. ಹಾರ್ಡ್ ಡಿಸ್ಕಿನಲ್ಲೂ ಹೀಗೆಯೇ. ಕಡತಗಳು ಇದ್ದಲ್ಲೇ ಇರುತ್ತವೆ, ಗಡಿಯ ಪಟ್ಟಿ ಮಾತ್ರ ಬದಲಾಗಿರುತ್ತದೆ. ಹಳೆಯ ವಿಳಾಸ ಹಿಡಿದು ಹೋದ ಬೂಟ್‌ಲೋಡರ್ ದಾರಿ ತಪ್ಪಿ ನಿಲ್ಲುತ್ತದೆ.

ಬೂಟ್‌ಲೋಡರ್ ಎಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುವ ಚಿಕ್ಕ ತಂತ್ರಾಂಶ. ಲಿನಕ್ಸ್ ಜೊತೆ ಬರುವ ಬೂಟ್‌ಲೋಡರಿನ ಹೆಸರು ಗ್ರಬ್. ಹಳೆಯ ಮಾದರಿಯ ಡಿಸ್ಕಿನ ಮೊದಲ ಸೆಕ್ಟರ್ 512 ಬೈಟ್ ಇರುತ್ತದೆ. ಅದರಲ್ಲಿ 446 ಬೈಟ್ ಎಬ್ಬಿಸುವ ಸೂಚನೆಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ, ಉಳಿದ 2 ಬೈಟ್ ಗುರುತಿಗೆ. ಇಷ್ಟು ಚಿಕ್ಕ ಜಾಗದಲ್ಲಿ ಗ್ರಬ್ ಪೂರ್ತಿ ಹಿಡಿಸುವುದಿಲ್ಲ. ಹಾಗಾಗಿ ಅದರ ಬಾಲ ಲಿನಕ್ಸ್ ಪಾರ್ಟಿಷನ್ನಿನಲ್ಲಿರುತ್ತದೆ. ಆ ಪಾರ್ಟಿಷನ್ ಅಳಿಸಿದರೆ ತಲೆ ಉಳಿಯುತ್ತದೆ, ಬಾಲ ಹೋಗುತ್ತದೆ. ವಿಂಡೋಸ್ ಸರಿಯಾಗಿದ್ದರೂ ಏಳದಿರುವುದು ಇದೇ ಕಾರಣಕ್ಕೆ.

2012ರಲ್ಲಿ ಬಂದ ವಿಂಡೋಸ್ 8ರ ನಂತರದ ಯಂತ್ರಗಳಲ್ಲಿ ಯುಇಎಫ್‌ಐ ಎಂಬ ಹೊಸ ಪದ್ಧತಿಯಿದೆ. ಇಲ್ಲಿ ಬೂಟ್‌ಲೋಡರ್‌ಗಳು ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ನಿನಲ್ಲಿರುತ್ತವೆ. ನೂರೋ ಇನ್ನೂರೋ ಎಂಬಿ ಗಾತ್ರದ ಇದನ್ನು ಬೇಡದ್ದೆಂದು ಅಳಿಸಿದರೆ ಎರಡೂ ಏಳುವುದಿಲ್ಲ.

ಮೊದಲು ನಕಲು, ಆಮೇಲೆ ದುರಸ್ತಿ

ಮೊದಲ ನಿಯಮ: ಆ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯಬೇಡಿ. ಸ್ನೇಹಿತರ ಕಂಪ್ಯೂಟರಿನಲ್ಲಿ 8 ಜಿಬಿ ಅಥವಾ ಹೆಚ್ಚಿನ ಪೆನ್ ಡ್ರೈವಿಗೆ ಉಬುಂಟುವಿನಂಥ ಲಿನಕ್ಸ್ ಹಾಕಿಸಿ. ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಯುತ್ತದೆ, ನೆನಪಿರಲಿ. ಅದನ್ನು ಚುಚ್ಚಿ, ಆನ್ ಮಾಡುವಾಗ ಬೂಟ್ ಮೆನುವಿನ ಕೀಲಿ ಒತ್ತಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. 'ಇನ್‌ಸ್ಟಾಲ್' ಬೇಡ, 'ಟ್ರೈ' ಆರಿಸಿ. ಆಗ ಲಿನಕ್ಸ್ ಪೆನ್ ಡ್ರೈವಿನಿಂದಲೇ ನಡೆಯುತ್ತದೆ.

ಈಗ ಫೈಲ್ ಕಿಟಕಿ ತೆರೆದರೆ ನಿಮ್ಮ ಡಿಸ್ಕಿನ ಭಾಗಗಳು ಕಾಣುತ್ತವೆ. ಬೇಕಾದದ್ದನ್ನೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ವಿಂಡೋಸ್ ಭಾಗ 'ಓದಲು ಮಾತ್ರ' ಎಂದು ತೆರೆದರೆ ಚಿಂತೆಯಿಲ್ಲ, ನಕಲಿಗೆ ಅಷ್ಟು ಸಾಕು. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಯ ಕೀಲಿ ಕೇಳುತ್ತದೆ. ಅದು ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ.

ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಇಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಅಳಿಸಬೇಡಿ. ನುಡಿ ಫಾಂಟ್ ಅಲ್ಲಿಲ್ಲ, ಅಷ್ಟೆ. ನಕಲು ಮಾಡಿ ವಿಂಡೋಸಿನಲ್ಲಿ ತೆರೆದರೆ ಕನ್ನಡವೇ ಬರುತ್ತದೆ.

ಸರಿಪಡಿಸುವುದು ಹೇಗೆ?

ಪೆನ್ ಡ್ರೈವಿನಲ್ಲಿ ಜಿಪಾರ್ಟೆಡ್ ತೆರೆದು ಪಾರ್ಟಿಷನ್‌ಗಳನ್ನು ನೋಡಿ, ಏನನ್ನೂ ಬದಲಿಸಬೇಡಿ.

ವಿಂಡೋಸ್, ಲಿನಕ್ಸ್ ಎರಡೂ ಇವೆಯೇ? ಇಂಟರ್‌ನೆಟ್ ಜೋಡಿಸಿ 'ಬೂಟ್ ರಿಪೇರ್' ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದು ಶಿಫಾರಸು ಮಾಡುವ ದುರಸ್ತಿಯನ್ನು ಒತ್ತಿ. ಹೆಚ್ಚಾಗಿ ಗ್ರಬ್ ಹೊಸ ವಿಳಾಸ ಕಲಿತು ಎದ್ದು ನಿಲ್ಲುತ್ತದೆ. ಯಂತ್ರ ಯುಇಎಫ್‌ಐ ಪದ್ಧತಿಯಲ್ಲಿದ್ದರೆ ಪೆನ್ ಡ್ರೈವನ್ನೂ ಅದೇ ಪದ್ಧತಿಯಲ್ಲಿ ಏಳಿಸಿರಬೇಕು.

ಲಿನಕ್ಸ್ ಅಳಿಸಿದ್ದೀರಿ, ವಿಂಡೋಸ್ ಸಾಕೇ? ಯುಇಎಫ್‌ಐ ಯಂತ್ರದ ಸೆಟಪ್ಪಿಗೆ ಹೋಗಿ ಬೂಟ್ ಕ್ರಮದಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೊದಲು ಇಡಿ. ಎಷ್ಟೋ ಸಲ ಇಷ್ಟೇ ಸಾಕು. ಹಳೆಯ ಮಾದರಿಯಾದರೆ ವಿಂಡೋಸ್ ಪೆನ್ ಡ್ರೈವಿನಿಂದ ಎಬ್ಬಿಸಿ, ದುರಸ್ತಿ ವಿಭಾಗದ ಕಮಾಂಡ್ ಪ್ರಾಂಪ್ಟಿನಲ್ಲಿ ಬೂಟ್‌ರೆಕ್ ಆಜ್ಞೆಯನ್ನು ಫಿಕ್ಸ್‌ಎಂಬಿಆರ್ ಆಯ್ಕೆಯೊಂದಿಗೆ ಕೊಡಬೇಕು. ಇದು ಎಬ್ಬಿಸುವ ಸೂಚನೆಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ, ಪಾರ್ಟಿಷನ್ ಪಟ್ಟಿಯನ್ನು ಮುಟ್ಟುವುದಿಲ್ಲ.

ಬೇಕಾದ ಪಾರ್ಟಿಷನ್ನೇ ಅಳಿದು 'ಅನಲೊಕೇಟೆಡ್' ಎಂದು ಕಾಣುತ್ತಿದೆಯೇ? ಆಗಲೂ ಆಸೆ ಬಿಡಬೇಡಿ. 'ಟೆಸ್ಟ್‌ಡಿಸ್ಕ್' ಎಂಬ ಉಚಿತ ತಂತ್ರಾಂಶ ಕಳೆದುಹೋದ ಗಡಿಗಳನ್ನು ಹುಡುಕುತ್ತದೆ. ಸಿಕ್ಕಿದ ಪಾರ್ಟಿಷನ್ನಿನೊಳಗೆ ನಿಮ್ಮ ಕಡತಗಳು ಕಂಡರೆ ಮಾತ್ರ ಪಟ್ಟಿಯನ್ನು ಬರೆಯಲು ಒಪ್ಪಿಗೆ ಕೊಡಿ. ಇಎಫ್‌ಐ ಭಾಗವೇ ಹೋಗಿದ್ದರೆ ತಿಳಿದವರ ನೆರವು ಪಡೆಯುವುದು ಒಳ್ಳೆಯದು.

ಲಿನಕ್ಸ್ ಏಳುತ್ತದೆ, ಆದರೆ ಒಂದೂವರೆ ನಿಮಿಷ ಸುಮ್ಮನೆ ಕಾಯಿಸುತ್ತದೆ ಎಂದರೆ ಅಳಿಸಿದ ಯಾವುದೋ ಭಾಗವನ್ನು ಅದು ಇನ್ನೂ ಹುಡುಕುತ್ತಿದೆ. ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಆ ಹಳೆಯ ಸಾಲನ್ನು ತಿದ್ದಿದರೆ ಸರಿಹೋಗುತ್ತದೆ.

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮಾತ್ರ ಮೇಲಿನ ಯಾವುದನ್ನೂ ಮಾಡಬೇಡಿ. ಅದು ಯಂತ್ರದ ದೋಷವಿರಬಹುದು. ಕೂಡಲೇ ಆಫ್ ಮಾಡಿ, ಮಾಹಿತಿ ಮರಳಿ ತೆಗೆಯುವ ಪರಿಣತರ ಬಳಿ ಒಯ್ಯಿರಿ.

ಮುಂದೆ ಹೀಗಾಗದಿರಲು

ವಿಂಡೋಸ್ ಭಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸಿ. ಅದಕ್ಕೆ ಮೊದಲು 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸಿ. ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಪಾರ್ಟಿಷನ್ ಸರಿಸುವಾಗ ಕರೆಂಟ್ ಹೋದರೆ ಕಡತಗಳಿಗೇ ಅಪಾಯ. ಯುಪಿಎಸ್ ಇಲ್ಲದೆ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರದೆ, ಈ ಕೆಲಸಕ್ಕೆ ಕೈಹಾಕಬೇಡಿ.

ಇದೆಲ್ಲ ಕೈಲಾಗದು ಎನ್ನುವವರು ಅಂಗಡಿಗೆ ಕೊಡುವುದರಲ್ಲಿ ತಪ್ಪಿಲ್ಲ. ಬೀದರಿಗೆ ಒಯ್ದರೂ ಹೈದರಾಬಾದಿಗೆ ಒಯ್ದರೂ, ಕನ್ನಡದಲ್ಲೋ ತೆಲುಗಿನಲ್ಲೋ ದಖನಿಯಲ್ಲೋ ಒಂದು ಮಾತು ಸ್ಪಷ್ಟವಾಗಿ ಹೇಳಿ, ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ: ಒಳಗಿನ ಕಡತಗಳು ಬೇಕು, ಮೊದಲು ನಕಲು ತೆಗೆಯಿರಿ, ಕೇಳದೆ ಫಾರ್ಮ್ಯಾಟ್ ಮಾಡಬೇಡಿ.