ಕಾಣದ ಬೇನೆಗೂ ಕಾಗದ ಬೇಕು

ಗಂಗಾಪುರವೆಂದರೆ ನಮ್ಮ ವಾಚಕರಲ್ಲಿ ಕೆಲವರಿಗೆ ನಾಸಿಕದ ಬಳಿಯ ಗೋದಾವರಿ ಅಣೆಕಟ್ಟು ನೆನಪಾದೀತು. ಉಳಿದವರಿಗೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು. ಕಾರಖಾನೆಗಳ ಊರಾದ ವಾಳೂಜ ಈ ತಾಲ್ಲೂಕಿಗೇ ಸೇರಿದ್ದು. ಹೊಟ್ಟೆಪಾಡಿಗಾಗಿ ಇಂಥ ಕಡೆ ಬಂದು ನೆಲೆಸಿದ ನಾವು, ಮನೆಯವರೊಬ್ಬರ ಕೈ ಮುರಿದರೆ ಕೂಡಲೆ ಆಸ್ಪತ್ರೆಗೆ ಓಡುತ್ತೇವೆ. ಮನಸ್ಸು ಕುಗ್ಗಿ ಹಾಸಿಗೆ ಬಿಟ್ಟೇಳದಿದ್ದರೆ ಮಾತ್ರ ‘ಮೈಗಳ್ಳತನ’ ಎಂದುಬಿಡುತ್ತೇವೆ. ಖಿನ್ನತೆಯೂ ಕಾಯಿಲೆಯೇ, ಅದಕ್ಕೆ ಕಾನೂನಿನ ಆಸರೆಯೂ ಉಂಟು.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಮನೋರೋಗವೂ ಒಂದು. ಭಾವಸ್ಥಿತಿ ತೀವ್ರವಾಗಿ ಕೆಟ್ಟು ದಿನನಿತ್ಯದ ಬಾಳು ನಡೆಸಲಾಗದಂತಾದರೆ ಅದು ಈ ಮಾತಿನೊಳಗೆ ಬರುತ್ತದೆ. ಆದರೆ ಕಾಯಿಲೆಯ ಹೆಸರು ಹೇಳಿದ ಮಾತ್ರಕ್ಕೆ ಸವಲತ್ತು ಸಿಗದು. ಬಹುತೇಕ ಸವಲತ್ತುಗಳಿಗೆ ಶೇಕಡ 40ರಷ್ಟಾದರೂ ವೈಕಲ್ಯವಿದೆಯೆಂಬ ಪ್ರಮಾಣಪತ್ರ ಬೇಕು.

ಅದನ್ನು ಅಳೆಯುವ ಬಗೆ ಹೀಗಿದೆ: ತನ್ನ ಮೈ-ಬಟ್ಟೆ ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತಾಡಿ ಅರಿಯುವುದು, ಕೆಲಸ ಮಾಡುವುದು—ಈ ನಾಲ್ಕಕ್ಕೂ ವೈದ್ಯರು 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಕಾಯಿಲೆ ಎಷ್ಟು ಕಾಲದ್ದೆಂಬುದಕ್ಕೂ ಅಂಕವುಂಟು. ಕೆಲಸವೆಂದರೆ ಸಂಬಳದ ಕೆಲಸವೇ ಆಗಬೇಕಿಲ್ಲ; ಗೃಹಿಣಿಯ ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ.

ತೊಡಕಿರುವುದು ಇಲ್ಲಿಯೇ. ಈ ಕಾಯಿಲೆ ರೋಗಿಯ ಬಾಯನ್ನೇ ಕಟ್ಟುತ್ತದೆ. ಅರ್ಜಿ ತುಂಬಲು ಚೈತನ್ಯವಿಲ್ಲ; ಕರೆದ ದಿನ ಹೋಗಲು ಮನಸ್ಸಿಲ್ಲ; ಹೋದರೂ ನಾಚಿಕೆಯಿಂದ “ಪರವಾಗಿಲ್ಲ, ಚೆನ್ನಾಗಿದ್ದೇನೆ” ಎಂಬ ಉತ್ತರ. ಅದರ ಮೇಲೆ ಭಾಷೆಯ ತೊಡಕು. ಮರಾಠಿಯಲ್ಲಿ ಬಾಜಾರು ಮಾಡಿ ಬರುವ ನಮ್ಮ ಹೆಣ್ಣುಮಕ್ಕಳಿಗೆ ಎದೆಯೊಳಗಿನ ಸಂಕಟವನ್ನು ಆ ಮಾತಿನಲ್ಲಿ ಹೇಳಲು ಬಾರದು. ನಿಜವಾದ ರೋಗಿ ಹೀಗೆ ಕಡಿಮೆ ಅಂಕ ಪಡೆದು ಹಿಂದಿರುಗಬಹುದು.

ಆದುದರಿಂದ ಮನೆಯವರು ಜೊತೆಗೆ ಹೋಗಲೇಬೇಕು. ಊಟ, ಸ್ನಾನ, ನಿದ್ದೆ, ಕೆಲಸ ತಪ್ಪಿದ ದಿನಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹಳೆಯ ಔಷಧ ಚೀಟಿಗಳನ್ನು ಎಸೆಯಬೇಡಿ. ಊರಿನಲ್ಲಿ ತೋರಿಸಿದ್ದರೆ ಅಲ್ಲಿನ ಚೀಟಿಗಳನ್ನೂ ತರಿಸಿಕೊಳ್ಳಿ. ಕಷ್ಟವನ್ನು ಹೆಚ್ಚಿಸಿ ಹೇಳುವುದೂ ಬೇಡ, ಮುಚ್ಚಿಡುವುದೂ ಬೇಡ.

ಕಾರಖಾನೆಯ ದುಡಿಮೆಗಾರರು ಇನ್ನೊಂದು ಮಾತು ತಿಳಿದಿರಬೇಕು. ಇ.ಎಸ್.ಐ. ಯೋಜನೆಯಲ್ಲಿ ದೀರ್ಘ ರೋಗಗಳಿಗೆ ಕೊಡುವ ವಿಸ್ತೃತ ಕಾಯಿಲೆ ಭತ್ಯೆಯ ಪಟ್ಟಿಯಲ್ಲಿ ತೀವ್ರ ಬಗೆಯ ಖಿನ್ನತೆಯೂ ಇದೆ; ಇದಕ್ಕೆ 2 ವರ್ಷಗಳ ಸತತ ನೌಕರಿ ಮೊದಲಾದ ನಿಯಮಗಳುಂಟು. ಸಹಿಸಲಾರದೆ ರಾಜೀನಾಮೆ ಬರೆದುಕೊಡುವ ಮುನ್ನ ಇದನ್ನು ವಿಚಾರಿಸಿರಿ. ಸರ್ಕಾರಿ ನೌಕರಿಯಲ್ಲಿರುವಾಗ ವೈಕಲ್ಯ ಬಂದರೆ, ಅದರ ಕಾರಣಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲವೆಂದು 2016ರ ಕಾಯಿದೆಯೇ ಹೇಳುತ್ತದೆ.

ಪ್ರಮಾಣಪತ್ರಕ್ಕಿಂತ ಮೊದಲು ಬೇಕಾದುದು ಚಿಕಿತ್ಸೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಮ್ಮ ಸಂಘದ ಮನೆಗಳಲ್ಲಿ ಯಾರಾದರೂ ತಿಂಗಳುಗಟ್ಟಲೆ ಹಬ್ಬಕ್ಕೂ ಸಭೆಗೂ ಬಾರದಿದ್ದರೆ, ಏಕೆಂದು ಹೋಗಿ ವಿಚಾರಿಸೋಣ. ಅರ್ಜಿಯ ದಿನ ಕನ್ನಡ, ಮರಾಠಿ ಎರಡೂ ಬಲ್ಲವರೊಬ್ಬರು ಜೊತೆಗೆ ಹೋದರೆ, ಅದೇ ದೊಡ್ಡ ಉಪಕಾರ.